ಹೊರಗೆ ಕತ್ತಲು, ಪರದೆಯಲ್ಲಿ ಬಿಸಿಲು

ಶಿರಸಿ ಸೀಮೆಯ ಅಡಿಕೆ ಮನೆಗಳಲ್ಲಿ ಚಾಲಿ (ಸಿಪ್ಪೆ ಸಹಿತ ಒಣಗಿಸುವ ಹಣ್ಣಡಿಕೆ) ಒಣಗಲು 40–45 ದಿನ ಬೇಕು. ಅಷ್ಟು ದಿನವೂ ಅಂಗಳದ ಮೇಲೆ ಒಂದು ಕಣ್ಣು ಇರಲೇಬೇಕು. ಅಂಥದೊಂದು ಮನೆಯಲ್ಲಿ ದಣಪೆ (ಅಂಗಳಕ್ಕೆ ಬರುವ ದಾರಿಯ ಗೇಟು), ಅಂಗಳ, ಅಟ್ಟ, ಕೊಟ್ಟಿಗೆಗೆ ಹಾಕಿದ, ನೆಟ್‌ವರ್ಕಿನಲ್ಲಿ ಚಿತ್ರ ಕಳಿಸುವ ನಾಲ್ಕು ಐಪಿ ಕ್ಯಾಮೆರಾಗಳನ್ನು ಜಗುಲಿಯ ಕಂಪ್ಯೂಟರಿನಲ್ಲಿ ಒಟ್ಟಿಗೆ ತೋರಿಸುವ ಕೆಲಸ ಒಂದು ಇಡೀ ದಿನ ಹಿಡಿಯಿತು. ಕರೆಂಟು ಹೋಗಿ ಬಂದರೆ ಯಾರೂ ಮೌಸ್ ಮುಟ್ಟದೆ ಎಲ್ಲವೂ ತಾನಾಗಿ ಶುರುವಾಗಬೇಕೆಂಬುದು ಮನೆಯವರ ಷರತ್ತು.

ಕಂಪ್ಯೂಟರ್ ಹಳೆಯದು: 4ನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್. ಚಿತ್ರ ತೋರಿಸಲು ಎಂಪಿವಿ ಪ್ಲೇಯರ್, ಅದನ್ನು ನಡೆಸಲು ಬ್ಯಾಶ್ ಸ್ಕ್ರಿಪ್ಟ್, ಅಂದರೆ ಸಾಲಾಗಿ ನಡೆಯುವ ಕಮಾಂಡುಗಳ ಫೈಲು. ಮೊದಲು ರೌಟರಿನಲ್ಲಿ ಪ್ರತಿ ಕ್ಯಾಮೆರಾಕ್ಕೂ ಐಪಿ (ನೆಟ್‌ವರ್ಕಿನ ವಿಳಾಸ) ಖಾಯಂ ಮಾಡಿದೆ, 192.168.1.51ರಿಂದ 54ರವರೆಗೆ. ಇದನ್ನು ಬಿಟ್ಟರೆ ಕರೆಂಟು ಹೋಗಿ ಬಂದಾಗ ಕೊಟ್ಟಿಗೆಯ ಜಾಗದಲ್ಲಿ ದಣಪೆ ಕಾಣಬಹುದು. ಪ್ರತಿ ಕ್ಯಾಮೆರಾದಲ್ಲೂ ನೋಡಲು ಮಾತ್ರ ಅನುಮತಿ ಇರುವ ಬೇರೆ ಬಳಕೆದಾರನನ್ನು ಮಾಡಿದೆ. ಪಾಸ್‌ವರ್ಡ್ ಸ್ಕ್ರಿಪ್ಟಿನೊಳಗೇ ಕೂರುತ್ತದಲ್ಲ, ಅಡ್ಮಿನ್ ಪಾಸ್‌ವರ್ಡ್ ಅಲ್ಲಿ ಬರೆದಿಡುವುದು ತಪ್ಪು. ಪಾಸ್‌ವರ್ಡಿನಲ್ಲಿ @ ಇದ್ದರೆ, ಪ್ಲೇಯರಿಗೆ ಕೊಡುವ ಕ್ಯಾಮೆರಾ ವಿಳಾಸದಲ್ಲಿ ಅದನ್ನು %40 ಎಂದು ಬರೆಯಬೇಕು, ಇಲ್ಲವಾದರೆ ಅದರ ಮುಂದಿನದನ್ನೆಲ್ಲ ಪ್ಲೇಯರ್ ಕ್ಯಾಮೆರಾದ ಹೆಸರೆಂದೇ ಓದಿಬಿಡಬಹುದು.

ಪರದೆ 1920x1080. ನಾಲ್ಕು ಪಾಲು ಮಾಡಿದರೆ ಒಂದೊಂದು ಕಿಟಕಿ 960x540. ಮೂಲೆಗಳು ಎಡದಿಂದ 0 ಇಲ್ಲವೇ 960, ಮೇಲಿನಿಂದ 0 ಇಲ್ಲವೇ 540. ಈ ಲೆಕ್ಕವನ್ನು ಎಂಪಿವಿಯ ಜಿಯಾಮೆಟ್ರಿ ಆಯ್ಕೆಗೆ ಕೊಟ್ಟು, ಅಂಚು ಮತ್ತು ಧ್ವನಿ ಬೇಡ ಎಂದರೆ ಸಾಕು ಅನಿಸುತ್ತದೆ. ಸಾಲದು. ಕ್ಯಾಮೆರಾದ ಸಬ್‌ಸ್ಟ್ರೀಮ್ (ಅದು ಕೊಡುವ ಚಿಕ್ಕ ಅಳತೆಯ ಚಿತ್ರ) 640x480 ಇದ್ದರೆ ಪ್ಲೇಯರ್ ಆ ಅಳತೆಯ ಅನುಪಾತಕ್ಕೇ ಅಂಟಿಕೊಂಡು ಕಿಟಕಿಯನ್ನು 720x540 ಮಾಡುತ್ತದೆ, ನಡುವೆ ಖಾಲಿ ಪಟ್ಟಿ ಉಳಿಯುತ್ತದೆ. ಕಿಟಕಿಗೆ ಅನುಪಾತ ಕಾಯಬೇಡ ಎಂದು ಪ್ರತ್ಯೇಕವಾಗಿ ಹೇಳಬೇಕು. ಇನ್ನೊಂದು, ಲಿನಕ್ಸಿನಲ್ಲಿ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ ಎರಡು ಬಗೆ, ವೇಲ್ಯಾಂಡ್ ಮತ್ತು ಎಕ್ಸ್11. ವೇಲ್ಯಾಂಡ್ ಸೆಷನ್ನಿನಲ್ಲಿ ಪ್ಲೇಯರ್ ತನ್ನ ಕಿಟಕಿಯ ಜಾಗವನ್ನು ತಾನೇ ನಿರ್ಧರಿಸಲು ಬರುವುದಿಲ್ಲ. ಎಕ್ಸ್11 ಸೆಷನ್ ಬೇಕು.

ಪ್ರತಿ ಕ್ಯಾಮೆರಾಕ್ಕೂ ಒಂದು ಲೂಪ್: ಪ್ಲೇಯರ್ ಓಡಿಸು, ಅದು ಮುಗಿದರೆ 5 ಸೆಕೆಂಡು ಕಾಯಿ, ಮತ್ತೆ ಓಡಿಸು. ಮೊದಲ ಸಲ ಓಡಿಸಿದಾಗ ಪರದೆ ತುಂಬ ಕಿಟಕಿಗಳು ಒಂದರ ಮೇಲೊಂದು ಬಿದ್ದವು. ನಿಮಿಷದೊಳಗೆ 48. ಫ್ಯಾನ್ ಹುಯ್ಯೆಂದಿತು. ತಪ್ಪು ಇದ್ದದ್ದು ಒಂದೇ ಅಕ್ಷರದಲ್ಲಿ. ಕ್ಯಾಮೆರಾದ ಆರ್‌ಟಿಎಸ್‌ಪಿ (ನೇರ ವಿಡಿಯೊ) ವಿಳಾಸದ ಕೊನೆಯಲ್ಲಿ ಚಾನೆಲ್ 1, ಆಮೇಲೆ &, ಆಮೇಲೆ ಸಬ್‌ಸ್ಟ್ರೀಮ್ ಬೇಕೆನ್ನುವ ಸಬ್‌ಟೈಪ್ 1 ಎಂದಿರುತ್ತದೆ. ಇಡೀ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಬ್ಯಾಶ್ ಆ &ನಲ್ಲೇ ಕಮಾಂಡನ್ನು ತುಂಡು ಮಾಡಿ, ಅರ್ಧವನ್ನು ಹಿನ್ನೆಲೆಗೆ ಕಳಿಸುತ್ತದೆ. ಪ್ಲೇಯರ್ ಮುಗಿಯಲು ಲೂಪ್ ಕಾಯುವುದೇ ಇಲ್ಲ, 5 ಸೆಕೆಂಡಿಗೊಂದು ಹೊಸ ಕಿಟಕಿ ತೆರೆಯುತ್ತದೆ. ಸಬ್‌ಟೈಪ್ ತಲುಪದ್ದರಿಂದ ಕ್ಯಾಮೆರಾ ಕೊಡುವುದೂ ಮುಖ್ಯ ಸ್ಟ್ರೀಮ್, ಅಂದರೆ 2560x1440ರ, ಎಚ್.265 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊ. ಈ ಪ್ರೊಸೆಸರಿನ ಗ್ರಾಫಿಕ್ಸಿಗೆ ಎಚ್.265 ಬಿಡಿಸಲು ಬರುವುದಿಲ್ಲ, ಭಾರವೆಲ್ಲ ಸಿಪಿಯು ಮೇಲೆ. ಉದ್ಧರಣ ಚಿಹ್ನೆ ಹಾಕಿ, ಸಬ್‌ಸ್ಟ್ರೀಮನ್ನು ಎಚ್.264ಕ್ಕೆ ಬದಲಿಸಿ, ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಮಾಡಿದ ಮೇಲೆ ಫ್ಯಾನಿನ ಸದ್ದು ಅಡಗಿತು.

ಬಯೋಸಿನಲ್ಲಿ, ಕರೆಂಟು ಬಂದೊಡನೆ ಆನ್ ಆಗುವ ಆಯ್ಕೆ. ತಾನಾಗಿ ಲಾಗಿನ್ ಆಗಿ 20 ಸೆಕೆಂಡಿನ ನಂತರ ಸ್ಕ್ರಿಪ್ಟ್. ಪರದೆ ಮಲಗದಂತೆ ಎಕ್ಸ್‌ಸೆಟ್ ಕಮಾಂಡ್. ಇವೆಲ್ಲ ಹತ್ತು ನಿಮಿಷದ ಕೆಲಸ. ಕೆಲಸ ಮುಗಿಯಿತೆಂದು ಚಹಾ ಕುಡಿಯುತ್ತಿದ್ದಾಗ ಮನೆಯ ಅಜ್ಜಿ ಪರದೆಯ ಹತ್ತಿರ ಬಂದು, “ತಮಾ, ಹೊರಗೆ ಕತ್ಲೆ ಆತು, ಇದ್ರಲ್ಲಿ ಇನ್ನೂ ಬಿಸ್ಲು ಇದ್ದಲ” ಎಂದರು.

ನಿಜ. ಅಂಗಳದ ಕಿಟಕಿಯಲ್ಲಿ ಹರವಿದ ಅಡಿಕೆಯ ಮೇಲೆ ಇಳಿಬಿಸಿಲು ಬಿದ್ದಿತ್ತು. ಮೂಲೆಯ ಗಡಿಯಾರ 4:52:17ರಲ್ಲಿ ನಿಂತಿತ್ತು. ಆ ಕ್ಯಾಮೆರಾದ 12 ವೋಲ್ಟ್ ಅಡಾಪ್ಟರ್ ಪ್ಲಗ್ಗಿನಿಂದ ಕಳಚಿಬಿದ್ದಿತ್ತು. ಹಾಗೆ ಹಠಾತ್ತನೆ ಸತ್ತ ಕ್ಯಾಮೆರಾ ಟಿಸಿಪಿ ಸಂಪರ್ಕವನ್ನು ಮುಚ್ಚಿ ಹೋಗುವುದಿಲ್ಲ. ಪ್ಲೇಯರ್ ಕೊನೆಯ ಚಿತ್ರ ಹಿಡಿದುಕೊಂಡು ಮುಂದಿನದಕ್ಕೆ ಕಾಯುತ್ತಲೇ ಇರುತ್ತದೆ. ಅದು ಮುಗಿಯದಿದ್ದ ಮೇಲೆ ಲೂಪ್ ಏನು ಮಾಡೀತು? ಕಾವಲಿನ ಪರದೆಯಲ್ಲಿ ಇದಕ್ಕಿಂತ ಕೆಟ್ಟ ದೋಷ ಇಲ್ಲ. ಖಾಲಿ ಪರದೆ ಕಂಡರೆ ಜನ ಎದ್ದು ನೋಡುತ್ತಾರೆ, ಹಳೆಯ ಚಿತ್ರ ಕಂಡರೆ ನಂಬಿ ಮಲಗುತ್ತಾರೆ.

ರಾತ್ರಿ ಕಾವಲುಗಾರ ಸ್ಕ್ರಿಪ್ಟೊಂದನ್ನು ಬರೆದೆ. 10 ಸೆಕೆಂಡಿಗೊಮ್ಮೆ ಪ್ರತಿ ಕ್ಯಾಮೆರಾಕ್ಕೆ ಒಂದು ಪಿಂಗ್ (ಇದ್ದೀಯಾ ಎಂದು ಕೇಳುವ ಸಂದೇಶ), ಉತ್ತರಕ್ಕೆ 2 ಸೆಕೆಂಡು ಗಡುವು. ಸತತ ಮೂರು ಸಲ ಉತ್ತರ ಬರದಿದ್ದರೆ ಆ ಕಿಟಕಿಯ ಪ್ಲೇಯರನ್ನು ಕೊಲ್ಲುವುದು. ಕೊಲ್ಲಲು ಪಿಕಿಲ್ ಎಂಬ ಕಮಾಂಡಿಗೆ ಐಪಿ ಕೊಟ್ಟು ಹುಡುಕಿಸಬಾರದು. ಲೂಪನ್ನು ಶುರುಮಾಡಿದ ಕಮಾಂಡಿನಲ್ಲೂ ಅದೇ ಐಪಿ ಇದ್ದರೆ ಲೂಪೂ ಸಾಯುತ್ತದೆ, ಕಿಟಕಿ ಮತ್ತೆ ಬರುವುದೇ ಇಲ್ಲ. ಪ್ಲೇಯರಿನ ಪ್ರೊಸೆಸ್ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಟ್ಟು ಅದನ್ನೇ ಬಳಸಬೇಕು. ಪಿಂಗಿಗೆ ಉತ್ತರ ಕೊಡುತ್ತಲೇ ಸ್ಟ್ರೀಮ್ ನಿಲ್ಲಿಸಿದ ಕ್ಯಾಮೆರಾವೂ ಇರುತ್ತದೆ. ಅದಕ್ಕಾಗಿ ಟೈಮೌಟ್ ಕಮಾಂಡಿನಿಂದ ಪ್ರತಿ ಪ್ಲೇಯರಿಗೂ ಒಂದು ಗಂಟೆ ಆಯುಷ್ಯ. ನಾಲ್ಕೂ ಒಟ್ಟಿಗೆ ಮಾಯವಾಗದಂತೆ ಒಂದೊಂದರ ಮೊದಲ ಸರದಿಯನ್ನು 5 ನಿಮಿಷ, 10 ನಿಮಿಷ ಹೀಗೆ ಕಡಿಮೆ ಮಾಡಿದೆ.

ಡೆಸ್ಕ್‌ಟಾಪಿನ ಹಿನ್ನೆಲೆಗೆ ಅಚ್ಚ ಕೆಂಪು ಬಣ್ಣ ಹಾಕಿ, ಅಡಾಪ್ಟರನ್ನು ಬೇಕೆಂದೇ ಕಿತ್ತು ಪರೀಕ್ಷೆ ಮಾಡಿದೆ. ಅರ್ಧ ನಿಮಿಷ ದಾಟುತ್ತಲೇ ಅಂಗಳದ ಕಿಟಕಿ ಮಾಯವಾಗಿ ಆ ಮೂಲೆ ಕೆಂಪಾಯಿತು. ಪ್ಲಗ್ ಹಾಕಿದ ಮೇಲೆ ಕ್ಯಾಮೆರಾ ಎದ್ದು ಕೂತಿತು, ಚಿತ್ರ ತಾನಾಗಿ ಬಂತು, ಗಡಿಯಾರದ ಸೆಕೆಂಡು ಓಡತೊಡಗಿತು. ಕೆಂಪು ಕಂಡು ಎರಡು ನಿಮಿಷವಾದರೂ ಹೋಗದಿದ್ದರೆ ಟಾರ್ಚ್ ಹಿಡಿದು ಹೋಗಿ ಪ್ಲಗ್ ನೋಡಿ ಎಂದು ಮನೆಯವರಿಗೆ ತೋರಿಸಿಕೊಟ್ಟೆ.