ಮಿಲಿಟರಿ ಭರ್ತಿಗೆ ಎಷ್ಟು ಕೊಡಬೇಕು?

ಸೇನೆಯಿಂದ ನಿವೃತ್ತನಾಗಿ ಬೆಳಗಾವಿ ಕಡೆಯ ನಮ್ಮೂರಿಗೆ ಬಂದ ಮೇಲೆ ನನ್ನನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸರ್, ಭರ್ತಿಗೆ ಎಷ್ಟು ಕೊಡಬೇಕಾಗ್ತದ್ರೀ?" ಕೊಡಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಕೊಡಲೇಬೇಕು ಅನ್ನುವುದು ಅವರ ಮನಸ್ಸಿನಲ್ಲಿ ಆಗಲೇ ಕೂತುಬಿಟ್ಟಿರುತ್ತದೆ. ನನಗೆ ನೋವಾಗುವುದು ಅಲ್ಲೇ.

ಒಂದು ರೂಪಾಯಿಯೂ ಕೊಡಬೇಡಿ ಅನ್ನುತ್ತೇನೆ. "ಆ ಮನೆ ಹುಡುಗ ಕೊಟ್ಟೇ ಸೇರಿದನಲ್ರೀ?" ಅನ್ನುತ್ತಾರೆ. ಭರ್ತಿ ಮಾಡಿಸುತ್ತೇನೆ ಅನ್ನುವ ಏಜೆಂಟ್ ಗೆಲ್ಲುವುದು ಈ ಮಾತಿನಿಂದಲೇ. ಅವನು ಇಪ್ಪತ್ತು ಹುಡುಗರ ಹತ್ತಿರ ದುಡ್ಡು ಹಿಡಿಯುತ್ತಾನೆ, ಜಾಮೀನಿಗೆಂದು ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾನೆ, ಆಮೇಲೆ ಏನೂ ಮಾಡದೆ ಕಾಯುತ್ತಾನೆ. ಇಬ್ಬರು ಮೂವರು ತಮ್ಮ ಕಾಲಿನ ಬಲದಿಂದಲೇ ಪಾಸಾಗುತ್ತಾರೆ. ಅವರ ದುಡ್ಡು ಅವನ ಜೇಬಿಗೆ. ಉಳಿದವರಿಗೆ ಅಷ್ಟೋ ಇಷ್ಟೋ ವಾಪಸ್ ಕೊಟ್ಟು "ನಂಬಿಗಸ್ಥ" ಅನ್ನಿಸಿಕೊಳ್ಳುತ್ತಾನೆ. ಭರ್ತಿಯ ದೈಹಿಕ ಪರೀಕ್ಷೆಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವನಿಗೆ 60 ಅಂಕ, ಹತ್ತು ಪುಲ್‌ಅಪ್ ಹೊಡೆದವನಿಗೆ 40. ಬೆಳಗಿನ ಜಾವ ಐದಕ್ಕೆ ಎದ್ದು ಡಾಂಬರು ರಸ್ತೆಯಲ್ಲಿ ಓಡಿದ ಹುಡುಗನ ಬೆವರನ್ನು ಅವನಿಗೇ ಮಾರುವ ದಂಧೆ ಇದು.

ಹಾಗಂತ ಸಮವಸ್ತ್ರ ತೊಟ್ಟವರೆಲ್ಲ ಸಾಚಾ ಎಂದು ನಾನು ಹೇಳಲಾರೆ. 2021ರ ಫೆಬ್ರುವರಿ 28ರಂದು ದೇಶಾದ್ಯಂತ ನಡೆಯಬೇಕಿದ್ದ ಸೈನಿಕರ ಭರ್ತಿಯ ಲಿಖಿತ ಪರೀಕ್ಷೆ, ಪ್ರಶ್ನೆಪತ್ರಿಕೆ ಸೋರಿದ್ದರಿಂದ ರದ್ದಾಯಿತು. ಪುಣೆ ಪೊಲೀಸರ ತನಿಖೆಯಲ್ಲಿ ಸೇನೆಯವರೇ ಸಿಕ್ಕಿಬಿದ್ದರು. ಮರು ತಿಂಗಳೇ, ಅಧಿಕಾರಿಗಳ ನೇಮಕಾತಿಯಲ್ಲಿ ಲಂಚ ಪಡೆದ ಆರೋಪದ ಮೇಲೆ ಸಿಬಿಐ 23 ಜನರ ವಿರುದ್ಧ ಪ್ರಕರಣ ದಾಖಲಿಸಿತು. ಅವರಲ್ಲಿ 17 ಮಂದಿ ಸೇನೆಯವರು. ದೂರು ಕೊಟ್ಟದ್ದೂ ಸೇನೆಯ ವಿಜಿಲೆನ್ಸ್ ವಿಭಾಗವೇ. ಅದು ನನಗೆ ಸ್ವಲ್ಪ ಸಮಾಧಾನ.

ಆ ಲಂಚದ ಆರೋಪ ಇದ್ದದ್ದು ಮೆಡಿಕಲ್ ಪರೀಕ್ಷೆಯಲ್ಲಿ ತಾತ್ಕಾಲಿಕವಾಗಿ ಅನ್‌ಫಿಟ್ ಆದವರ ಮರುಪರೀಕ್ಷೆಯ ಬಗ್ಗೆ. ಇದನ್ನು ಗಮನಿಸಿ. ಓಟ ಎಲ್ಲರ ಕಣ್ಣೆದುರು ನಡೆಯುತ್ತದೆ, ಮೆಡಿಕಲ್ ಪರದೆಯ ಹಿಂದೆ. "ಅನ್‌ಫಿಟ್" ಅನ್ನುವ ಚೀಟಿ ಕೈಗೆ ಬಂದಾಗ ಹುಡುಗನ ಜೀವ ಅರ್ಧ ಹೋಗಿರುತ್ತದೆ. ಏಜೆಂಟನ ಫೋನ್ ಬರುವುದು ಆಗಲೇ. ನಾಲ್ಕು ವರ್ಷಕ್ಕೆಂದು ಸೈನಿಕರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂದ ಮೇಲಂತೂ ಅಷ್ಟು ಚಿಕ್ಕ ಅವಧಿಯ ಕೆಲಸಕ್ಕೂ ಜನ ಹೊಲ ಮಾರಲು ಸಿದ್ಧರಿದ್ದಾರೆ. ಶಾಶ್ವತವಾಗಿ ಉಳಿಯುವುದು ಹೆಚ್ಚೆಂದರೆ ನೂರಕ್ಕೆ 25 ಮಂದಿ ಎಂದು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ.

ನಮ್ಮ ಓಣಿಯ ಹುಡುಗನೊಬ್ಬನಿಗೂ ಹೀಗೇ ಆಯಿತು. ಚೀಟಿ ಹಿಡಿದು ರಾತ್ರಿ ನಮ್ಮ ಮನೆಗೆ ಬಂದ. "ಎರಡು ಲಕ್ಷ ಕೇಳ್ಯಾರ್ರೀ ಕಾಕಾ, ನಾಳೆ ಸಂಜಿ ಒಳಗ ಕೊಡ್ಬೇಕಂತ." ಚೀಟಿ ಬಿಡಿಸಿ ನೋಡಿದೆ. ಎರಡೂ ಕಿವಿಯಲ್ಲಿ ಗುಗ್ಗೆ, ಅಷ್ಟೇ. ಮರುದಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹತ್ತು ನಿಮಿಷದ ಕೆಲಸ. ಚೀಟಿಯಲ್ಲಿ ಬರೆದಿದ್ದ ಮಿಲಿಟರಿ ಆಸ್ಪತ್ರೆಗೆ, ಬರೆದಿದ್ದ ತಾರೀಖಿಗೆ ಹೋದ, ಫಿಟ್ ಆದ. ಅವನ ತಾಯಿ ಗಿರವಿ ಇಡಲು ಅರಿವೆಯಲ್ಲಿ ಕಟ್ಟಿಟ್ಟಿದ್ದ ನಾಲ್ಕು ಬಳೆಗಳನ್ನು ಬಿಚ್ಚಿ ಮತ್ತೆ ಕೈಗೆ ಹಾಕಿಕೊಂಡರು.