ಹೆಸರು ಕ್ರೋಮ್, ಎಂಜಿನ್ ವೆಬ್‌ಕಿಟ್

2021ರಲ್ಲಿ ಒಂದು ಶಿಕ್ಷಣ ಸಂಸ್ಥೆಯ ಪ್ರವೇಶ ಅರ್ಜಿಯ ಪುಟವನ್ನು ನಮ್ಮ ತಂಡ ಹೊಸದಾಗಿ ರೂಪಿಸಿ ಸಾರ್ವಜನಿಕ ಬಳಕೆಗೆ ಬಿಟ್ಟಿತ್ತು. ಅರ್ಜಿ ಸಲ್ಲಿಸುವ ಕೊನೆಯ ದಿನ ಹತ್ತಿರ ಬಂದಾಗ ಸಹಾಯವಾಣಿಯಿಂದ ಒಂದರ ಹಿಂದೊಂದು ಟಿಕೆಟ್ (ದಾಖಲಾದ ದೂರು) ಬರತೊಡಗಿದವು: ಐಫೋನ್‌ನಲ್ಲಿ ಅರ್ಜಿ ತುಂಬಿ ‘ಮುಂದುವರಿಸಿ’ ಒತ್ತಿದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತಿದೆ. ಸರ್ವರ್ ಲಾಗ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಸ್ಕ್ರೀನ್‌ಶಾಟ್ ತರಿಸಿಕೊಂಡು ನೋಡಿದರೆ, ‘ಮುಂದುವರಿಸಿ’ ಮತ್ತು ‘ರದ್ದುಮಾಡಿ’ ಬಟನ್‌ಗಳ ನಡುವೆ ನಾವು ಕೊಟ್ಟಿದ್ದ 16 ಪಿಕ್ಸೆಲ್ ಅಂತರ ಕಾಣೆಯಾಗಿ, ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಬ್ಬೆರಳು ತುಸು ಪಕ್ಕಕ್ಕೆ ಸರಿದರೂ ಸಾಕು, ಅಂಕಪಟ್ಟಿಯ ವಿವರದಿಂದ ಪೋಷಕರ ಆದಾಯದವರೆಗೆ ಅಷ್ಟು ಚಿಕ್ಕ ಪರದೆಯಲ್ಲಿ ತುಂಬಿದ್ದನ್ನೆಲ್ಲ ಆ ವಿದ್ಯಾರ್ಥಿ ಮತ್ತೆ ಮೊದಲಿನಿಂದ ತುಂಬಬೇಕಿತ್ತು. ರದ್ದುಮಾಡುವ ಬಟನ್‌ಗೆ ಖಚಿತಪಡಿಸಿಕೊಳ್ಳುವ ಒಂದು ಪ್ರಶ್ನೆಯಾದರೂ ಇರಬೇಕೆಂದು ವಿನ್ಯಾಸದ ಹಂತದಲ್ಲೇ ಗುಣಮಟ್ಟ ಪರೀಕ್ಷಿಸುವ ಕ್ಯೂಎ ತಂಡ ಹೇಳಿತ್ತು. ಅದನ್ನು ‘ಮುಂದಿನ ಹಂತಕ್ಕೆ’ ಎಂದು ತಳ್ಳಲಾಗಿತ್ತು.

ಐಫೋನ್‌ನ ಸ್ವಂತ ಬ್ರೌಸರ್ ಸಫಾರಿಯದೇ ತೊಂದರೆ ಇರಬಹುದೆಂದು ಎಲ್ಲರಿಗೂ ಮೊದಲು ಅನ್ನಿಸಿತು. ಆದರೆ ದೂರು ಕೊಟ್ಟವರಲ್ಲಿ ಒಬ್ಬರು ಅದೇ ಫೋನ್‌ನ ಕ್ರೋಮ್‌ನಲ್ಲಿಯೂ ಹೀಗೇ ಕಾಣುತ್ತದೆ ಎಂದು ತಿಳಿಸಿದ ಕೂಡಲೇ ಚರ್ಚೆಯ ದಿಕ್ಕು ಬದಲಾಯಿತು. ಎರಡು ಬ್ರೌಸರ್‌ಗಳಲ್ಲಿ ಒಂದೇ ದೋಷ ಕಂಡರೆ ತಪ್ಪು ಪುಟದ ರೂಪವನ್ನು ನಿರ್ಧರಿಸುವ ನಮ್ಮ ಸಿಎಸ್‌ಎಸ್‌ನಲ್ಲೇ ಇರಬೇಕು ಎಂಬ ವಾದವನ್ನು ಕರೆಯಲ್ಲಿದ್ದವರೆಲ್ಲ ಒಪ್ಪಿದೆವು. ಕಳೆದ ಬಿಡುಗಡೆಯಲ್ಲಿ ಯಾವ ಶೈಲಿಯ ನಿಯಮ ಯಾವುದನ್ನು ಮೀರಿಸಿತು, ಯಾವ ಫೈಲ್ ಕ್ಯಾಶ್‌ನಲ್ಲಿ (ಉಳಿಸಿಟ್ಟ ಪ್ರತಿಯಲ್ಲಿ) ಹಳೆಯದಾಗಿ ಉಳಿಯಿತು ಎಂದು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತು. ಆ ವಾದದ ಬುಡವೇ ಸರಿಯಿರಲಿಲ್ಲ. ಐಫೋನ್‌ನಲ್ಲಿ ಯಾವ ಬ್ರೌಸರ್ ಹಾಕಿಕೊಂಡರೂ ಒಳಗೆ ಪುಟವನ್ನು ಚಿತ್ರಿಸುವ ಎಂಜಿನ್ ಆ್ಯಪಲ್‌ನ ವೆಬ್‌ಕಿಟ್ ಆಗಿರಬೇಕೆಂಬುದು ಆ ಕಂಪನಿಯ ನಿಯಮ. 2024ರಲ್ಲಿ ಐರೋಪ್ಯ ಒಕ್ಕೂಟದ ಮಟ್ಟಿಗೆ ಅದು ಸಡಿಲವಾಯಿತಾದರೂ ನಮ್ಮ ಬಳಕೆದಾರರಿಗೆ ಅದರಿಂದ ಏನೂ ಬದಲಾಗಲಿಲ್ಲ. ಅಂದರೆ ಎರಡು ಬ್ರೌಸರ್‌ಗಳ ಸಾಕ್ಷಿ ಎಂದು ನಾವು ನಂಬಿದ್ದು ಒಂದೇ ಎಂಜಿನ್ ಎರಡು ಸಲ ನುಡಿದ ಸಾಕ್ಷಿಯಾಗಿತ್ತು.

ನಮ್ಮ ಬಳಿಯಿದ್ದ ಐಫೋನ್‌ಗಳಲ್ಲಿ ಪುಟ ಸರಿಯಾಗಿಯೇ ಕಾಣುತ್ತಿತ್ತು. ಭದ್ರತಾ ನೀತಿಯ ಪ್ರಕಾರ ಕಚೇರಿಯ ಎಲ್ಲ ಫೋನ್‌ಗಳೂ ತಾವಾಗಿಯೇ ಹೊಸ ಐಓಎಸ್‌ಗೆ ಅಪ್‌ಡೇಟ್ ಆಗುತ್ತವೆ. ಒಮ್ಮೆ ಮೇಲೇರಿದ ಫೋನನ್ನು ಹಳೆಯ ಆವೃತ್ತಿಗೆ ಇಳಿಸಲು ಆ್ಯಪಲ್ ಸಾಮಾನ್ಯವಾಗಿ ಬಿಡುವುದಿಲ್ಲ. ಪರೀಕ್ಷೆಗೆಂದು ಒಂದು ಫೋನನ್ನು ಈ ನೀತಿಯಿಂದ ಹೊರಗಿಡಿ ಎಂದು ನಾವು ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: ಬಳಕೆದಾರರೂ ಅಪ್‌ಡೇಟ್ ಮಾಡಿಕೊಳ್ಳುತ್ತಾರೆ. ದೂರು ಕೊಟ್ಟವರ ಫೋನ್‌ಗಳಲ್ಲಿ ಇದ್ದದ್ದು ಐಓಎಸ್ 14.4.

ಕೊನೆಗೆ ಮ್ಯಾಕ್‌ನಲ್ಲಿ ಆ್ಯಪ್ ರೂಪಿಸುವ ತಂತ್ರಾಂಶ ಎಕ್ಸ್‌ಕೋಡ್‌ನಲ್ಲಿ ಐಫೋನನ್ನು ಅನುಕರಿಸುವ ಸಿಮ್ಯುಲೇಟರ್‌ಗೆ 14.4ನ್ನು ಹಾಕಿದಾಗ ಬಟನ್‌ಗಳು ಅಂಟಿಕೊಂಡು ಕಂಡವು. ಪುಟದ ಕೋಡನ್ನು ಬಿಡಿಸಿ ತೋರಿಸುವ ವೆಬ್ ಇನ್‌ಸ್ಪೆಕ್ಟರ್ ತೆರೆದು, ಬಟನ್‌ಗಳ ನಡುವಿನ ಅಂತರ ಹೇಳುವ ‘ಗ್ಯಾಪ್’ ಎಂಬ ಸಾಲನ್ನು ಹುಡುಕಿದೆ. ಬ್ರೌಸರ್‌ಗೆ ಅರ್ಥವಾಗದ ಸಾಲಾಗಿದ್ದರೆ ಅದು ಅಮಾನ್ಯವೆಂಬ ಗುರುತಿನೊಂದಿಗೆ ಕಾಣಬೇಕಿತ್ತು. ಅಲ್ಲಿ ಗ್ಯಾಪ್‌ನ ಬೆಲೆ 16 ಪಿಕ್ಸೆಲ್ ಎಂದು ನಿಚ್ಚಳವಾಗಿ ಕಾಣುತ್ತಿತ್ತು, ಪರದೆಯಲ್ಲಿ ಮಾತ್ರ ಅಂತರ ಸೊನ್ನೆ. ಹಳೆಯ ಬ್ರೌಸರ್‌ಗಳಿಗೆಂದು ಬಟನ್‌ನ ಹೊರಗೆ ಜಾಗ ಬಿಡುವ ಮಾರ್ಜಿನ್ ಕೊಟ್ಟು, ಗ್ಯಾಪ್ ಬೆಂಬಲಿಸುವ ಬ್ರೌಸರ್‌ಗಳಲ್ಲಿ ಆ ಮಾರ್ಜಿನ್ನನ್ನು ತೆಗೆಯುವ ಸಪೋರ್ಟ್ಸ್ ನಿಯಮವನ್ನೂ ನಾವು ಬರೆದಿದ್ದೆವು. ಆ ಫಾಲ್‌ಬ್ಯಾಕ್ (ಬದಲಿ ವ್ಯವಸ್ಥೆ) ಇದ್ದೂ ಹೀಗೇಕೆ ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಪ್ರತಿ ಐದು ನಿಮಿಷಕ್ಕೊಮ್ಮೆ ‘ಎಷ್ಟು ಹೊತ್ತಾಗುತ್ತದೆ’ ಎಂಬ ಸಂದೇಶ ಬರುತ್ತಲೇ ಇತ್ತು.

ಉತ್ತರ ಆ ಫಾಲ್‌ಬ್ಯಾಕ್‌ನಲ್ಲೇ ಇತ್ತು. ಗ್ಯಾಪ್ ಎಂಬ ಗುಣ, ಅಡ್ಡಸಾಲು ಮತ್ತು ಕಾಲಮ್‌ಗಳಲ್ಲಿ ಜೋಡಿಸುವ ಗ್ರಿಡ್ ಲೇಔಟ್‌ಗಾಗಿ ಸಫಾರಿಗೆ 12ನೆಯ ಆವೃತ್ತಿಯಲ್ಲೇ ಬಂದಿತ್ತು. ನಾವು ಬಟನ್‌ಗಳಿಗೆ ಬಳಸಿದ್ದ, ಸಾಲಾಗಿ ಜೋಡಿಸುವ ಫ್ಲೆಕ್ಸ್ ಲೇಔಟ್‌ನಲ್ಲಿ ಅದು ಕೆಲಸ ಮಾಡತೊಡಗಿದ್ದು ಫೈರ್‌ಫಾಕ್ಸ್‌ನಲ್ಲಿ 2018ರಲ್ಲಿ, ಕ್ರೋಮ್‌ನಲ್ಲಿ 2020ರಲ್ಲಿ, ಸಫಾರಿಯಲ್ಲಿ 2021ರ ಏಪ್ರಿಲ್‌ನಲ್ಲಿ 14.1 ಬಂದ ಮೇಲೆ. ಐಫೋನ್‌ನವರಿಗೆ ಅದು ದೊರೆತದ್ದು ಐಓಎಸ್ 14.5ರೊಂದಿಗೆ. ‘ಗ್ಯಾಪ್ ಗೊತ್ತೇ’ ಎಂದು ಸಪೋರ್ಟ್ಸ್ ನಿಯಮ ಕೇಳಿದರೆ ಹಳೆಯ ಸಫಾರಿ ಗ್ರಿಡ್‌ನ ಬಲದ ಮೇಲೆ ‘ಗೊತ್ತು’ ಎನ್ನುತ್ತದೆ. ಫ್ಲೆಕ್ಸ್‌ನೊಳಗೆ ಗೊತ್ತೇ ಎಂದು ಬಿಡಿಸಿ ಕೇಳುವ ದಾರಿ ಸಿಎಸ್‌ಎಸ್‌ನ ಆ ನಿಯಮದಲ್ಲಿ ಇಲ್ಲ. ಹೀಗಾಗಿ ನಮ್ಮ ನಿಯಮ ಮಾರ್ಜಿನ್ನನ್ನು ತೆಗೆದುಹಾಕಿತು, ಗ್ಯಾಪ್ ಬರಲಿಲ್ಲ. ಸಪೋರ್ಟ್ಸ್ ನಿಯಮ ಬರೆಯದೆ ಬರಿಯ ಮಾರ್ಜಿನ್ ಬಿಟ್ಟಿದ್ದರೆ ಆ ಫೋನ್‌ಗಳಲ್ಲಿ ಪುಟ ಸರಿಯಾಗಿಯೇ ಇರುತ್ತಿತ್ತು. ಪರಿಹಾರ ಚಿಕ್ಕದೇ. ಬಟನ್‌ಗಳ ಪೆಟ್ಟಿಗೆಯನ್ನು ಫ್ಲೆಕ್ಸ್‌ನಿಂದ ಎರಡು ಸಮಾನ ಕಾಲಮ್‌ಗಳ ಗ್ರಿಡ್‌ಗೆ ಬದಲಿಸಿ, ಆ ಸಪೋರ್ಟ್ಸ್ ನಿಯಮವನ್ನೂ ಹಳೆಯ ಮಾರ್ಜಿನ್ನನ್ನೂ ಅಳಿಸಿದೆವು. ಗ್ಯಾಪ್‌ನ ಸಾಲನ್ನು ಮುಟ್ಟಲೇ ಇಲ್ಲ; ಅದೇ ಸಾಲು ಅದೇ ಹಳೆಯ ಫೋನ್‌ನಲ್ಲಿ ಕೆಲಸ ಮಾಡಿತು. ಖಚಿತಪಡಿಸುವ ಪ್ರಶ್ನೆಯನ್ನೂ ಅಂದೇ ಸೇರಿಸಿದೆವು, ಈ ಸಲ ಯಾರ ಅನುಮತಿಗೂ ಕಾಯಲಿಲ್ಲ.

ಅದೇ ಸಂಸ್ಥೆಯ ಕಚೇರಿಯಿಂದ ಮುಂದಿನ ವಾರ ಇದಕ್ಕೆ ತದ್ವಿರುದ್ಧವಾದ ಟಿಕೆಟ್ ಬಂತು: ಕ್ರೋಮ್‌ನಲ್ಲಿ ಸರಿಯಿದೆ, ಎಡ್ಜ್‌ನಲ್ಲಿ ಒತ್ತಕ್ಷರಗಳು ಕಾಣುವುದಿಲ್ಲ. 2020ರ ಜನವರಿಯಿಂದ ಮೈಕ್ರೋಸಾಫ್ಟ್‌ನ ಬ್ರೌಸರ್ ಎಡ್ಜ್‌ನ ಒಳಗಿರುವುದೂ ಕ್ರೋಮ್‌ನ ಎಂಜಿನ್ನೇ ಆದ ಬ್ಲಿಂಕ್. ಹಿಂದಿನ ಅನುಭವ ಹಸಿಯಾಗಿದ್ದುದರಿಂದ ಈ ಬಾರಿ ಬ್ರೌಸರ್‌ನ ಹೆಸರನ್ನು ಬದಿಗಿಟ್ಟು, ಅದೇ ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು ನೋಡಿ ಎಂದು ಕೇಳಿದೆವು. ಅಲ್ಲಿಯೂ ಒತ್ತಕ್ಷರ ಕತ್ತರಿಸಿಹೋಗಿತ್ತು. ‘ಕ್ರೋಮ್‌ನಲ್ಲಿ ಸರಿಯಿದೆ’ ಎಂದದ್ದು ಮನೆಯ ಕಂಪ್ಯೂಟರ್‌ನ ಮಾತಾಗಿತ್ತು. ಬ್ರೌಸರ್‌ನೊಳಗಿನ ಪರಿಶೀಲನಾ ಸಾಧನ ಡೆವ್‌ಟೂಲ್ಸ್‌ನ ಕಂಪ್ಯೂಟೆಡ್ ಫಲಕದ ತಳದಲ್ಲಿ ನಿಜವಾಗಿ ಬಳಕೆಯಾದ ಫಾಂಟ್‌ನ ಹೆಸರಿರುತ್ತದೆ. ನಾವು ಕೊಟ್ಟಿದ್ದ ನೋಟೊ ಸಾನ್ಸ್ ಕನ್ನಡದ ಜಾಗದಲ್ಲಿ ವಿಂಡೋಸ್‌ನ ನಿರ್ಮಲಾ ಯುಐ ಇತ್ತು, ಏಕೆಂದರೆ ಹೊರಗಿನ ಸರ್ವರ್‌ನಿಂದ ಬರುವ ಫಾಂಟನ್ನು ಆ ಕಚೇರಿಯ ಫೈರ್‌ವಾಲ್ ತಡೆದಿತ್ತು.

ಫಾಂಟ್ ಬದಲಾದರೆ ಅಕ್ಷರ ಕೂರುವ ಗೆರೆಯೂ ಕೆಳಗೆ ಇಳಿಯುವ ಆಳವೂ ಬದಲಾಗುತ್ತವೆ. ಇಂಗ್ಲಿಷ್ ವಿನ್ಯಾಸದಿಂದ ಬಂದ 1.2ರ ಲೈನ್ ಹೈಟ್ (ಸಾಲಿನ ಎತ್ತರ), ಪೆಟ್ಟಿಗೆಯ ಸ್ಥಿರ ಎತ್ತರ ಮತ್ತು ಪೆಟ್ಟಿಗೆ ಮೀರಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಸೇರಿ ‘ರಾಷ್ಟ್ರೀಯತೆ’ ಎಂಬ ಲೇಬಲ್‌ನಲ್ಲಿ ಷಕಾರದ ಕೆಳಗಿನ ಎರಡು ಒತ್ತುಗಳನ್ನು ಅರ್ಧಕ್ಕೆ ಕತ್ತರಿಸಿದ್ದವು. ಕನ್ನಡದ ಪುಟಕ್ಕೆ ಕನ್ನಡದ ಅಳತೆಯೇ ಬೇಕು ಎಂದು ನಾನು ಆಗ ವಿನ್ಯಾಸ ತಂಡದೊಂದಿಗೆ ಗಟ್ಟಿಯಾಗಿಯೇ ವಾದಿಸಿದೆ. ಲೈನ್ ಹೈಟನ್ನು 1.6ಕ್ಕೆ ಏರಿಸಿ, ಸ್ಥಿರ ಎತ್ತರವನ್ನು ಕನಿಷ್ಠ ಎತ್ತರವಾಗಿಸಿ, ಫಾಂಟನ್ನು ನಮ್ಮದೇ ಸರ್ವರ್‌ನಲ್ಲಿಟ್ಟೆವು. ಈಗ ನಮ್ಮ ಟಿಕೆಟ್‌ನಲ್ಲಿ ಬ್ರೌಸರ್‌ನ ಹೆಸರಿಗಿಂತ ಮೊದಲು ಓಎಸ್ ಆವೃತ್ತಿಯ ಖಾನೆಯಿದೆ, ದೋಷ ಕಂಡ ಯಂತ್ರ ಯಾವುದು ಎಂಬ ಖಾನೆಯೂ ಇದೆ. ಅಪ್‌ಡೇಟ್ ಆಗದ ಪರೀಕ್ಷಾ ಫೋನ್‌ನ ಕೋರಿಕೆಗೆ ಮಾತ್ರ ಇನ್ನೂ ಮಂಜೂರಾತಿ ಸಿಕ್ಕಿಲ್ಲ. ಪ್ರತಿ ಬಜೆಟ್‌ನಲ್ಲೂ ಅದನ್ನು ಮತ್ತೆ ಸೇರಿಸುತ್ತಿದ್ದೇವೆ.