ಜಪಾನ್ ವ್ಯಾನಿನಲ್ಲಿ ನ್ಯೂಜಿಲೆಂಡ್ ಸುತ್ತುವವರಿಗೆ: ಡ್ಯಾಶ್‌ಬೋರ್ಡಿನ ಲೈಟು ಮೊದಲು ಕಲಿತುಕೊಳ್ಳಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೊರಟವರು ನಮ್ಮನ್ನು ಕೇಳುವುದು ಬಾಡಿಗೆ ಎಷ್ಟು, ರಾತ್ರಿ ಎಲ್ಲಿ ಮಲಗಬಹುದು, ಅನ್ನ ಸಾರು ಮಾಡಿಕೊಳ್ಳಲು ಆಗುತ್ತಾ ಅಂತ. ಅದನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲು ಗಾಡಿಯ ಬಗ್ಗೆ ಹೇಳುತ್ತೇನೆ. ಕಡಿಮೆ ಬಾಡಿಗೆಗೆ ಸಿಗುವ ಕ್ಯಾಂಪರ್ ವ್ಯಾನುಗಳಲ್ಲಿ ಬಹಳಷ್ಟು ಜಪಾನಿನಲ್ಲಿ ಓಡಿ, ಸೆಕೆಂಡ್ ಹ್ಯಾಂಡ್ ಆಗಿ ಇಲ್ಲಿಗೆ ಬಂದವು. ಟೊಯೊಟಾ ಹೈಏಸ್, ಎಸ್ಟಿಮಾ, ನಿಸ್ಸಾನ್ ಕ್ಯಾರವಾನ್, ಮಜ್ದಾ ಬೊಂಗೊ ಇಂಥವು. ಹಿಂದಿನ ಸೀಟು ಕಿತ್ತು ಹಾಸಿಗೆ, ಸಿಂಕು, ಗ್ಯಾಸ್ ಒಲೆ ಕೂರಿಸಿರುತ್ತಾರೆ. ಡ್ಯಾಶ್‌ಬೋರ್ಡು ಮಾತ್ರ ಜಪಾನಿನಲ್ಲಿ ಹೇಗಿತ್ತೋ ಹಾಗೇ ಇರುತ್ತದೆ.

ಓಡಿಸುವುದು ಕಷ್ಟವಲ್ಲ. ಅಲ್ಲೂ ನಮ್ಮ ಹಾಗೆ ಎಡಗಡೆ ಸಂಚಾರ, ಸ್ಟೀರಿಂಗ್ ಬಲಕ್ಕೆ. ಕಷ್ಟ ಬರುವುದು ಗೊತ್ತಿಲ್ಲದ ಒಂದು ಲೈಟು ಹತ್ತಿಕೊಂಡಾಗ. ಅದೂ ಮೊಬೈಲ್ ಸಿಗ್ನಲ್ ಇಲ್ಲದ ಕಡೆ.

ನಾವು ಜನವರಿಯಲ್ಲಿ ಹೋಗಿದ್ದೆವು, ಅಲ್ಲಿ ಅದು ಬೇಸಿಗೆ. ಅಕ್ಕ ಮತ್ತು ಭಾವ ಆಕ್ಲೆಂಡಿನಲ್ಲಿದ್ದಾರೆ. ಅವರೂ ಕ್ರೈಸ್ಟ್‌ಚರ್ಚಿಗೆ ವಿಮಾನದಲ್ಲಿ ಬಂದು ನಮ್ಮ ಜೊತೆ ಸೇರಿದರು. ಬಾಡಿಗೆಯವರು ಒಲೆ ಹಚ್ಚುವುದು, ನೀರು ತುಂಬುವುದು ಎಲ್ಲ ತೋರಿಸಿದರು. ಡ್ಯಾಶ್‌ಬೋರ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಭಾವ ಬಹಳ ವರ್ಷದಿಂದ ಜಪಾನ್ ಗಾಡಿಗಳನ್ನೇ ಓಡಿಸಿದವರು. ಅವರು ಬಾಡಿಗೆಯವರ ಯಾರ್ಡಿನಲ್ಲೇ ಮಾಡಿಸಿದ ಒಂದು ಕೆಲಸವನ್ನು ನೀವೂ ತಪ್ಪದೆ ಮಾಡಿ.

ಕೀಯನ್ನು ಆನ್ ತನಕ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮುಖ್ಯವಾದ ಎಚ್ಚರಿಕೆ ಲೈಟುಗಳೆಲ್ಲ ಒಟ್ಟಿಗೆ ಹತ್ತುತ್ತವೆ. ಒಂದು ಫೋಟೊ ತೆಗೆಯಿರಿ. ಈಗ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಫೋಟೊ. ಆರಬೇಕಾದದ್ದು ಆರದಿದ್ದರೆ ಅಲ್ಲೇ ಕೇಳಿ. ಆಯಿಲ್ ಅಥವಾ ಏರ್‌ಬ್ಯಾಗ್ ಲೈಟು ಮೊದಲ ಫೋಟೊದಲ್ಲಿ ಹತ್ತಲೇ ಇಲ್ಲ ಅಂದರೆ ಅದೂ ತೊಂದರೆಯೇ. ಬಲ್ಬು ಸತ್ತಿರಬಹುದು, ಯಾರೋ ತಂತಿ ಬಿಚ್ಚಿರಬಹುದು. ಆಮೇಲೆ ಫೋನಿಗೆ ಅನುವಾದದ ಆ್ಯಪ್ ಹಾಕಿಕೊಂಡು ಜಪಾನಿ ಭಾಷೆಯನ್ನು ಆಫ್‌ಲೈನ್ ಡೌನ್‌ಲೋಡ್ ಮಾಡಿಕೊಳ್ಳಿ. ಚಿತ್ರವಿಲ್ಲದೆ ಬರೀ ಜಪಾನಿ ಅಕ್ಷರದಲ್ಲೇ ಬರೆದ ಲೈಟುಗಳೂ ಇರುತ್ತವೆ. ಕ್ಯಾಮೆರಾ ಹಿಡಿದರೆ ಅರ್ಥ ಸಿಗುತ್ತದೆ.

ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಹೆಣ್ಣು ದನಿಯೊಂದು ಜಪಾನಿಯಲ್ಲಿ ಏನೋ ಹೇಳಿದರೆ ಗಾಬರಿ ಬೇಡ. ಸಾಮಾನ್ಯವಾಗಿ ಅದು ಜಪಾನಿನ ಟೋಲ್ ಕಾರ್ಡ್ ಹಾಕಿಲ್ಲ ಅನ್ನುವ ಸೂಚನೆ. ಇಲ್ಲಿ ಅದಕ್ಕೆ ಕೆಲಸವಿಲ್ಲ.

ಕ್ರೈಸ್ಟ್‌ಚರ್ಚಿನಿಂದ ಲೇಕ್ ಟೆಕಾಪೊ ತನಕ ದಾರಿ ಸಲೀಸು. ಓಮರಾಮಾ ದಾಟಿ ಲಿಂಡಿಸ್ ಪಾಸ್ ಏರುವಾಗ ಎಂಜಿನ್ ಜರ್ಕ್ ಹೊಡೆಯಲು ಶುರುವಾಯಿತು. ಈ ಕಣಿವೆ ದಾರಿ ಸಮುದ್ರ ಮಟ್ಟದಿಂದ 971 ಮೀಟರ್ ಎತ್ತರಕ್ಕೆ ಏರುತ್ತದೆ. ಹಳದಿ ಚೆಕ್ ಎಂಜಿನ್ ಲೈಟು ಮಿಟುಕತೊಡಗಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು, ಮೂರು ಜಪಾನಿ ಅಕ್ಷರದ್ದು. ಭಾವ ತಕ್ಷಣ ವೇಗ ಇಳಿಸಿದರು. ರಸ್ತೆ ಬದಿಯಲ್ಲಿ ಒಣಹುಲ್ಲಿನ ಜಾಗವಿತ್ತು. ಅಲ್ಲಿ ನಿಲ್ಲಿಸಲು ಒಪ್ಪದೆ, ನಿಧಾನವಾಗಿ ಜಲ್ಲಿ ಹಾಕಿದ ಜಾಗ ಸಿಗುವ ತನಕ ಹೋಗಿ ಎಂಜಿನ್ ಆಫ್ ಮಾಡಿದರು. ಫೋನ್ ಹಿಡಿದು ಓದಿದಾಗ ಬಂದದ್ದು: ಹೊಗೆಯ ತಾಪಮಾನ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಊರಿನ ಕಾರುಗಳಲ್ಲಿ ಈ ಲೈಟು ಕಾಣುವುದೇ ಅಪರೂಪ. ಪೆಟ್ರೋಲ್ ಗಾಡಿಯ ಹೊಗೆ ಕೊಳವೆಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಕಿಡಿ ಹತ್ತದಿದ್ದರೆ ಸುಡದ ಪೆಟ್ರೋಲ್ ಹಾಗೇ ಅಲ್ಲಿಗೆ ಹೋಗಿ, ಅಲ್ಲಿ ಸುಡುತ್ತದೆ. ಕನ್ವರ್ಟರ್ ವಿಪರೀತ ಬಿಸಿಯಾಗುತ್ತದೆ. ಕೆಳಗೆ ಒಣಹುಲ್ಲು ತಾಗಿದರೆ ಬೆಂಕಿ ಹತ್ತಬಹುದು. ಬೇಸಿಗೆಯಲ್ಲಿ ಒಟಾಗೊ ಒಳನಾಡಿನ ಗುಡ್ಡಗಳೆಲ್ಲ ಒಣಗಿ ನಿಂತಿರುತ್ತವೆ. ಹಾಸಿಗೆ, ಬಟ್ಟೆ, ಗ್ಯಾಸ್ ಸಿಲಿಂಡರ್ ಇರುವ ಗಾಡಿ ಬೇರೆ. ಆದ್ದರಿಂದ ಈ ಲೈಟು ಬಂದರೆ, ಅಥವಾ ಚೆಕ್ ಎಂಜಿನ್ ಲೈಟು ಮಿಟುಕಿದರೆ, ಆಕ್ಸಿಲರೇಟರ್ ಸಡಿಲಿಸಿ. ಟಾರು ಅಥವಾ ಜಲ್ಲಿ ನೆಲದಲ್ಲೇ ನಿಲ್ಲಿಸಿ. ಎಲ್ಲರನ್ನೂ ಇಳಿಸಿ ಗಾಡಿಯಿಂದ ದೂರ ಕೂರಿಸಿ. ಚೆಕ್ ಎಂಜಿನ್ ಲೈಟು ಮಿಟುಕದೆ ಸುಮ್ನೆ ಹತ್ತಿಕೊಂಡಿದೆ, ಗಾಡಿಯೂ ಚೆನ್ನಾಗಿ ಓಡುತ್ತಿದೆ ಅಂದರೆ ಮೆತ್ತಗೆ ಮುಂದಿನ ಊರಿಗೆ ಹೋಗಿ ತೋರಿಸಬಹುದು. ಎರಡರ ವ್ಯತ್ಯಾಸ ದೊಡ್ಡದು.

ನಮಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಎದುರು ಬಂದ ದಂಪತಿ ಓಮರಾಮಾಗೆ ಹೋಗಿ ನಮ್ಮ ಪರವಾಗಿ ಫೋನ್ ಮಾಡಿದರು. ಟೋಯಿಂಗ್ ಗಾಡಿ ಬಂದು ಕ್ರಾಮ್‌ವೆಲ್‌ಗೆ ಎಳೆದುಕೊಂಡು ಹೋಯಿತು. ಕೆಟ್ಟದ್ದು ಕಿಡಿ ಹತ್ತಿಸುವ ಒಂದು ಇಗ್ನಿಷನ್ ಕಾಯಿಲ್ ಮಾತ್ರ. ಹಾಗೇ ಓಡಿಸಿಕೊಂಡು ಹೋಗಿದ್ದರೆ ಕನ್ವರ್ಟರೂ ಹೋಗುತ್ತಿತ್ತು ಎಂದು ಮೆಕ್ಯಾನಿಕ್ ಹೇಳಿದರು.

ಉಳಿದ ಲೈಟುಗಳಿಗೆ ಬಣ್ಣವೇ ದಾರಿ. ಕೆಂಪು ಅಂದರೆ ನಿಲ್ಲಿಸು. ಹಳದಿ ಅಂದರೆ ಬೇಗ ಗಮನ ಕೊಡು. ಹಸಿರು, ನೀಲಿ ಬರೀ ಮಾಹಿತಿ. ಬೆಳಗಿನ ಚಳಿಯಲ್ಲಿ ನೀಲಿ ಥರ್ಮಾಮೀಟರ್ ಹತ್ತಿದರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಅಷ್ಟೇ, ಸ್ವಲ್ಪ ದೂರ ಹೋದ ಮೇಲೆ ತಾನೇ ಆರುತ್ತದೆ. ಅದೇ ಚಿತ್ರ ಕೆಂಪಾದರೆ ನಿಲ್ಲಿಸಿ, ಎಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೆಯಲೇಬೇಡಿ.

ಕೆಂಪು ಆಯಿಲ್ ಕ್ಯಾನ್ ಲೈಟು ಓಡುವಾಗ ಬಂದರೆ ಮುಂದಿನ ಊರು ಹತ್ತಿರವೇ ಇದ್ದರೂ ಹೋಗಬೇಡಿ. ಅದು ಹೇಳುವುದು ಆಯಿಲ್ ಒತ್ತಡ ಬಿದ್ದಿದೆ ಎಂದು, ಎಂಜಿನ್ ಸೀಜ್ ಆಗಲು ಜಾಸ್ತಿ ಹೊತ್ತು ಬೇಡ. ಹೈಏಸ್‌ನಂಥ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುತ್ತದೆ. ಆಯಿಲ್ ನೋಡಲು ಸೀಟು ಎತ್ತಬೇಕು. ಅದನ್ನು ಯಾರ್ಡಿನಲ್ಲೇ ಒಮ್ಮೆ ತೋರಿಸಿ ಅನ್ನಿ.

ಬ್ಯಾಟರಿ ಲೈಟಿನ ವಿಷಯದಲ್ಲಿ ಕ್ಯಾಂಪರಿನಲ್ಲಿ ಒಂದು ಗೊಂದಲವಿದೆ. ಬಹಳಷ್ಟು ವ್ಯಾನುಗಳಲ್ಲಿ ಎರಡು ಬ್ಯಾಟರಿ: ಒಂದು ಎಂಜಿನ್ನಿಗೆ, ಇನ್ನೊಂದು ಫ್ರಿಜ್ಜು ಮತ್ತು ಒಳಗಿನ ದೀಪಕ್ಕೆ. ಡ್ಯಾಶ್‌ಬೋರ್ಡಿನ ಕೆಂಪು ಲೈಟು ಎಂಜಿನ್ನಿನ ಚಾರ್ಜಿಂಗ್ ಬಗ್ಗೆ ಮಾತ್ರ ಹೇಳುತ್ತದೆ. ಫ್ರಿಜ್ಜಿನ ಬ್ಯಾಟರಿಗೆ ಬೇರೆ ಮೀಟರ್ ಇರುತ್ತದೆ. ಸಾಮಾನ್ಯ ಲೆಡ್ ಬ್ಯಾಟರಿ 12.7 ವೋಲ್ಟ್ ಸುಮಾರು ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಓಡುವಾಗ ಕೆಂಪು ಲೈಟು ಬಂದರೆ ಬೆಲ್ಟ್ ತುಂಡಾಗಿರಬಹುದು. ಕೆಲವು ಎಂಜಿನ್ನಿನಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ, ಹಾಗಾಗಿ ಟೆಂಪರೇಚರ್ ಮೇಲೂ ಕಣ್ಣಿಡಿ.

ಏರ್‌ಬ್ಯಾಗ್ ಲೈಟು ಈ ಬದಲಾಯಿಸಿದ ವ್ಯಾನುಗಳಲ್ಲಿ ಕಾಣಲು ಒಂದು ಕಾರಣ ಸೀಟಿನ ಕೆಳಗಿನ ಕನೆಕ್ಟರ್. ಸೀಟು ಬಿಚ್ಚಿ ಕೂರಿಸುವಾಗ ಅದು ಸಡಿಲವಾಗಿಬಿಡುತ್ತದೆ. ಗಾಡಿ ಓಡುತ್ತದೆ ನಿಜ, ಆದರೆ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದೇ ಇರಬಹುದು. ಅಂಥ ಗಾಡಿ ನನಗೆ ಕೊಟ್ಟರೆ ನಾನು ತೆಗೆದುಕೊಳ್ಳುವುದಿಲ್ಲ. ಬಾಡಿಗೆ ಗಾಡಿಗಳಿಗೆ ಅಲ್ಲಿ ಮಾಡುವ ಸರ್ಟಿಫಿಕೇಟ್ ಆಫ್ ಫಿಟ್ನೆಸ್ ಎಂಬ ಸುರಕ್ಷತಾ ತಪಾಸಣೆಯಲ್ಲೂ ಅದು ಪಾಸಾಗುವುದಿಲ್ಲ.

ಟೆ ಅನಾವ್‌ನಿಂದ ಮಿಲ್‌ಫರ್ಡ್ ಸೌಂಡ್ ಸುಮಾರು 120 ಕಿಲೋಮೀಟರ್. ಬಹುಪಾಲು ಸಿಗ್ನಲ್ ಇಲ್ಲ, ಟೆ ಅನಾವ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಹೋಮರ್ ಸುರಂಗದೊಳಗೇ ಇಳಿಜಾರು ಶುರುವಾಗುತ್ತದೆ, ಹೊರಬಂದ ಮೇಲೂ ಕಡಿದಾದ ತಿರುವುಗಳು. ಚಾರ್ಮಾಡಿ ಘಾಟಿಯಲ್ಲಿ ಮಾಡುವ ಹಾಗೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಹಳೆಯ ಆಟೊಮ್ಯಾಟಿಕ್ ವ್ಯಾನುಗಳಲ್ಲಿ ಗೇರ್ ಲಿವರಿನ ಬಟನ್ ಒತ್ತಿದರೆ ಓವರ್‌ಡ್ರೈವ್ ಆಫ್, ಅಂದರೆ ಎಲ್ಲಕ್ಕಿಂತ ಮೇಲಿನ ಗೇರ್ ಬಂದ್, ಎಂಬ ಹಳದಿ ಲೈಟು ಬರುತ್ತದೆ. ಅದು ದೋಷವಲ್ಲ, ನಮಗೆ ಇಳಿಜಾರಿನಲ್ಲಿ ಬೇಕಾದದ್ದೇ ಅದು. ಅದು ಮಿಟುಕಿದರೆ ಮಾತ್ರ ಗೇರ್‌ಬಾಕ್ಸ್ ತೋರಿಸಬೇಕು. ತಿರುವಿನಲ್ಲಿ ಕೆಂಪು ಬ್ರೇಕ್ ಲೈಟು ಹತ್ತಿ ಆರಿದರೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿದ್ದೀರಾ ನೋಡಿ. ಕೆಲವದರಲ್ಲಿ ಅದು ಎಡಗಾಲಿನ ಪೆಡಲ್. ಅದು ಸರಿಯಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದರ್ಥ. ಘಾಟಿ ಇಳಿಯಬೇಡಿ.

ಇಂಧನದ ಮುಚ್ಚಳದ ಒಳಗಿನ ಚೀಟಿಯೂ ಜಪಾನಿಯಲ್ಲೇ ಇರುತ್ತದೆ. ಪೆಟ್ರೋಲೋ ಡೀಸೆಲೋ ಬಾಡಿಗೆಯವರನ್ನು ಕೇಳಿ, ಟೇಪಿನ ಮೇಲೆ ಕನ್ನಡದಲ್ಲಿ ಬರೆದು ಅಲ್ಲೇ ಅಂಟಿಸಿ. ತಪ್ಪು ಇಂಧನ ಹಾಕಿದ್ದು ಬಂಕಿನಲ್ಲೇ ಗೊತ್ತಾದರೆ ಕೀ ತಿರುಗಿಸಬೇಡಿ. ಡೀಸೆಲ್ ಗಾಡಿಯಾದರೆ ಓಡಿದ ಕಿಲೋಮೀಟರಿಗೆ ರಸ್ತೆ ಶುಲ್ಕವೂ ಇದೆ, ಅದು ಬಾಡಿಗೆಯಲ್ಲಿ ಸೇರಿದೆಯಾ ಕೇಳಿಕೊಳ್ಳಿ.

ಕೊನೆಗೆ ಫೋನ್ ನಂಬರುಗಳು. ಬೆಂಕಿ, ಅಪಘಾತಕ್ಕೆ 111. ಬಾಡಿಗೆಯವರ ರಾತ್ರಿ ನಂಬರ್ ಯಾವುದು, ಗಾಡಿ ಕೆಟ್ಟರೆ ಯಾವ ಸಂಸ್ಥೆಯವರು ಬರುತ್ತಾರೆ, ಎಷ್ಟು ದೂರದ ತನಕ ಉಚಿತವಾಗಿ ಎಳೆಯುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಫೋನಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಇರಲಿ. ನಮಗೆ ಲಿಂಡಿಸ್ ಪಾಸಿನಲ್ಲಿ ಆ ದಂಪತಿಯ ಕೈಗೆ ಕೊಡಲು ಸಾಧ್ಯವಾದದ್ದು ಆ ಕಾಗದವನ್ನೇ.